ಮಳೆ ಬಂದರೆ ಘಟ್ಟದಾಚೆಗೆ: ನಾರ್ವೆಯಲ್ಲಿ ಹತ್ತು ದಿನದ ಕಾರು ಪ್ರಯಾಣ ಮತ್ತು ಚಾರಣ

ಪಶ್ಚಿಮ ನಾರ್ವೆಗೆ ಹೋಗುವವರು ಸಾಮಾನ್ಯವಾಗಿ ನಕ್ಷೆ ಹರಡಿಕೊಂಡು, ದಿನಕ್ಕೊಂದು ಬೆಟ್ಟದಂತೆ ಹಂಚಿಬಿಡುತ್ತಾರೆ. ಯೋಜನೆ ಕೆಡುವುದು ಅಲ್ಲಿಂದಲೇ. ಕಡಲಿನ ಗಾಳಿ ಬಂದು ಬೆಟ್ಟಸಾಲಿಗೆ ಬಡಿಯುವ ಜಾಗ ಅದು. ಆಗುಂಬೆಯಲ್ಲಿ ಸುರಿದ ಮೋಡ ಚಳ್ಳಕೆರೆಗೆ ಬರುವಷ್ಟರಲ್ಲಿ ಬರಿದಾಗುವ ಹಾಗೆ, ಬರ್ಗನ್ ಸುತ್ತ ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆಯಾದರೆ, ಬೆಟ್ಟಸಾಲು ದಾಟಿದ ಮೇಲೆ ಸಿಗುವ ಲೋಮ್, ಶೋಕ್ ಕಡೆಯ ಕಣಿವೆಗಳಲ್ಲಿ 300 ಮಿ.ಮೀ. ಆಸುಪಾಸು. ಅಲ್ಲಿ ಬೆಳೆಗೆ ಕಾಲುವೆಯಲ್ಲಿ ನೀರು ಹಾಯಿಸುತ್ತಾರೆ. ಈ ಒಂದು ಭೂಗೋಳವನ್ನು ಹಿಡಿದುಕೊಂಡೇ ನಾನು ಹತ್ತು ದಿನದ ಲೆಕ್ಕ ಹಾಕಿದೆ.

ದಾರಿ ಹೀಗಿತ್ತು: ಸ್ತಾವಾಂಗರ್‌ನಿಂದ ಪ್ರೆಯ್ಕೆಸ್ತೂಲನ್, ಓಡ್ಡ, ಔರ್‌ಲಾಂಡ್, ಲೋಮ್, ಗೈರಾಂಗರ್, ಕೊನೆಗೆ ಓಲೆಸುಂಡ್. ಚಾರಣ ಮೂರೇ: ಪ್ರೆಯ್ಕೆಸ್ತೂಲನ್ ಬಂಡೆ, ಓಡ್ಡದ ಬಳಿ ನಾಲಿಗೆಯಂತೆ ಚಾಚಿದ ಟ್ರೋಲ್‌ತುಂಗ ಬಂಡೆ, ಲೋಮ್ ಕಡೆಯ ಬೆಸ್ಸೆಗ್ಗೆನ್. ಓಡ್ಡದಲ್ಲಿ ಎರಡು ದಿನ, ಲೋಮ್‌ನಲ್ಲಿ ಎರಡು ದಿನ ಇಟ್ಟುಕೊಂಡು, ಆ ಎರಡರಲ್ಲಿ ಒಳ್ಳೆಯ ದಿನ ನೋಡಿ ಬೆಟ್ಟ, ಉಳಿದ ದಿನ ಬಿಡುವು. ಎರಡೂ ದಿನ ಓಡ್ಡದಲ್ಲಿ ಮಳೆ ಕಂಡರೆ ಅಲ್ಲಿ ಕಾಯದೆ ಸೀದಾ ಲೋಮ್ ಕಡೆಗೆ ಹೊರಡುವುದು ಎಂದು ಮೊದಲೇ ನಿಶ್ಚಯಿಸಿದ್ದೆ. ಇದಕ್ಕಾಗಿಯೇ ತಂಗುವ ಜಾಗಗಳನ್ನು ರದ್ದು ಮಾಡಲು ಬರುವ ದರದಲ್ಲಿ ಕಾದಿರಿಸಿದೆ. ಸ್ವಲ್ಪ ಹೆಚ್ಚು ಹಣ ಹೋಗುತ್ತದೆ, ಹೋಗಲಿ. ಕಾಲ ಆಗಸ್ಟ್ ಕೊನೆಯ ವಾರ. ಜೂನ್‌ನಲ್ಲಿ ಹಗಲು ಉದ್ದವಿದ್ದರೂ ಎತ್ತರದ ದಾರಿಯಲ್ಲಿ ಹಿಮ ಉಳಿದಿರುತ್ತದೆ. ಅಕ್ಟೋಬರ್‌ಗೆ ಘಾಟಿಗಳು ಮುಚ್ಚತೊಡಗುತ್ತವೆ.

ಹವೆ ನೋಡಲು ಅಲ್ಲಿಯ ಹವಾಮಾನ ಇಲಾಖೆ ಮತ್ತು ಸರ್ಕಾರಿ ಪ್ರಸಾರ ಸಂಸ್ಥೆ ಸೇರಿ ನಡೆಸುವ ಆ್ಯಪ್ ಇದೆ. ಹೆಸರು ವೈ, ಆರ್ ಎರಡೇ ಅಕ್ಷರ. ಅದರಲ್ಲಿ ಊರಿನ ಹೆಸರು ಹಾಕಿ ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಊರು ನೀರಿನ ಮಟ್ಟದಲ್ಲಿರುತ್ತದೆ. ಬೆಟ್ಟದ ತುದಿಯ ಹೆಸರನ್ನೇ ಹಾಕಿ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಇಳಿಯುತ್ತದೆ. ಓಡ್ಡದಲ್ಲಿ 13 ಡಿಗ್ರಿ ಇದ್ದಾಗ ಮೇಲೆ ಆರೋ ಏಳೋ. ಮಳೆಯ ಅಂಕಿಗಿಂತ ಗಾಳಿಯ ಅಂಕಿಯನ್ನು ನಾನು ಹೆಚ್ಚು ನೋಡುತ್ತೇನೆ. ಬೀಸು ಸೆಕೆಂಡಿಗೆ 10 ಮೀಟರ್ ದಾಟಿದರೆ ಬೆಟ್ಟದ ಕಿರಿದಾದ ಏಣಿನ (ಚೂಪು ಬೆನ್ನಿನ) ಮೇಲೆ ಹೋಗುವುದಿಲ್ಲ ಎಂಬುದು ನನ್ನ ನಿಯಮ.

ಕಾರಿನ ವಿಷಯ. ಭಾರತದ ಲೈಸೆನ್ಸ್ ಜೊತೆ ಆರ್‌ಟಿಒದಲ್ಲಿ ಫಾರ್ಮ್ 4ಎ ಕೊಟ್ಟು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಠೇವಣಿಗೆ ಬಾಡಿಗೆದಾರರು ಹೆಚ್ಚಾಗಿ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಆಟೋಮ್ಯಾಟಿಕ್ ಗಾಡಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಬಲಬದಿಯ ಸಂಚಾರ, ಸ್ಟೇರಿಂಗ್ ಎಡಕ್ಕೆ. ಬಲಗೈಯಲ್ಲಿ ಗೇರ್ ಹುಡುಕುತ್ತಾ ಘಾಟಿ ಇಳಿಯುವುದು ಬೇಡ. ನಮ್ಮವರು ಮಾಡುವ ತಪ್ಪು ಒಂದೇ ಬಗೆಯದು: ನಾವು ರಸ್ತೆಯ ಮಧ್ಯದ ಗೆರೆಯನ್ನು ಬಲಗಡೆ ಇಟ್ಟುಕೊಂಡು ಕೂತು ರೂಢಿಯಾದವರು, ಹಾಗಾಗಿ ಅಲ್ಲಿ ಗೊತ್ತಿಲ್ಲದೆ ಗಾಡಿಯನ್ನು ಬಲಕ್ಕೆ ಒತ್ತುತ್ತೇವೆ. ಬಲಗಡೆಯ ಕನ್ನಡಿ ಬಂಡೆಗೆ ಉಜ್ಜುತ್ತದೆ, ಇಲ್ಲವೇ ಚಕ್ರ ಡಾಂಬರಿನ ಅಂಚಿನಿಂದ ಜಾರುತ್ತದೆ. ಎಡಗಡೆಯ ಗೆರೆ ನಿಮ್ಮ ಪಕ್ಕದಲ್ಲೇ ಓಡುತ್ತಿದೆಯೇ ಎಂದು ನೋಡುತ್ತಿದ್ದರೆ ಎರಡು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಹೆಡ್‌ಲೈಟ್ ಹಗಲೂ ಉರಿಯುತ್ತಿರಬೇಕು. ಊರೊಳಗೆ 50, ಹೊರಗೆ 80 ಮಿತಿ, ದಂಡ ವಿಪರೀತ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವನಿಗೆ ದಾರಿ ಬಿಡಬೇಕು, ಅದು ಸಣ್ಣ ಗಲ್ಲಿಯೇ ಆಗಿರಲಿ.

ದೂರವನ್ನು ಗಂಟೆಗೆ 50 ಕಿ.ಮೀ. ಲೆಕ್ಕದಲ್ಲಿ ಹಿಡಿಯಿರಿ, ದೋಣಿದಾಟುಗಳನ್ನು ಬೇರೆಯಾಗಿ ಸೇರಿಸಿ. ಕಾರು ಸಾಗಿಸುವ ಫೆರಿಗಳಿಗೆ ಬಹುತೇಕ ಕಡೆ ಕಾದಿರಿಸುವ ಪದ್ಧತಿಯಿಲ್ಲ: ಸಾಲಿನಲ್ಲಿ ನಿಲ್ಲಿ, ಸಿಬ್ಬಂದಿ ಕೈ ತೋರಿಸಿದ ಕಡೆ ಒಳಗೆ ಹೋಗಿ, ಪಾರ್ಕ್ ಗೇರ್, ಹ್ಯಾಂಡ್‌ಬ್ರೇಕ್, ಎಂಜಿನ್ ಆಫ್. ಹಣ ನಂಬರ್‌ಪ್ಲೇಟ್ ಅಥವಾ ಗಾಜಿನ ಮೇಲಿನ ಟ್ಯಾಗ್ ನೋಡಿ ತಾನೇ ಕಡಿತವಾಗುತ್ತದೆ, ಟೋಲ್ ಕೂಡ ಹಾಗೆಯೇ. ಬಿಲ್ಲು ಬಾಡಿಗೆದಾರರ ಮೂಲಕ ಎಷ್ಟೋ ದಿನದ ಮೇಲೆ ಬರುತ್ತದೆ. ಕಾರ್ಡಿನಲ್ಲಿ ಅಷ್ಟು ಮಿಗಿಸಿಡಿ. ಗೈರಾಂಗರ್–ಹೆಲ್ಲೆಸಿಲ್ಟ್ ದೋಣಿ ಮಾತ್ರ ಬೇರೆ. ಒಂದು ಗಂಟೆಗೂ ಮೀರಿದ ಪ್ರವಾಸಿ ಸವಾರಿ ಅದು, ಮೊದಲೇ ಟಿಕೆಟ್ ತೆಗೆದಿರಬೇಕು.

ಪ್ರೆಯ್ಕೆಸ್ತೂಲನ್ ಮೂರರಲ್ಲಿ ಸುಲಭ. ಹೋಗಿ ಬರಲು 8 ಕಿ.ಮೀ., ನಾಲ್ಕೈದು ಗಂಟೆ. ಲೀಸೆಫ್ಯೋರ್ಡ್ (ಫ್ಯೋರ್ಡ್ ಎಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕವಲು) ಮೇಲೆ 604 ಮೀಟರ್ ಎತ್ತರದಲ್ಲಿ ಚಪ್ಪಟೆ ಬಂಡೆ. ದಾರಿಯ ಕಲ್ಲುಮೆಟ್ಟಿಲುಗಳನ್ನು ನೇಪಾಳದ ಶೆರ್ಪಾಗಳು ಜೋಡಿಸಿದ್ದು. ಒಂದೊಂದು ಕಲ್ಲೂ ಅಲುಗದಂತೆ ಕೂತಿರುವುದನ್ನು ನಿಂತು ನೋಡಬೇಕು. ಬೆಳಗ್ಗೆ ಆರಕ್ಕೆ ಹೊರಟರೆ ಜನ ಕಡಿಮೆ. ಬೂಟು, ಮಳೆ ಅಂಗಿ, ಚೀಲದ ಪಟ್ಟಿ ಎಲ್ಲವನ್ನೂ ಪರೀಕ್ಷಿಸಿಕೊಳ್ಳಲು ಇದು ತಕ್ಕ ದಿನ.

ಟ್ರೋಲ್‌ತುಂಗ ಹಾಗಲ್ಲ. ಶೆಗ್ಗೆಡಾಲ್‌ನ ಪಿ2 ನಿಲುಗಡೆಯಿಂದ ಹೋಗಿ ಬರಲು 27 ಕಿ.ಮೀ., ಏರು ಸುಮಾರು 800 ಮೀಟರ್, 8ರಿಂದ 12 ಗಂಟೆ. ಇನ್ನೂ ಮೇಲಿನ ಪಿ3ಯಿಂದ 20 ಕಿ.ಮೀ., ಆದರೆ ಅಲ್ಲಿ ಮೂವತ್ತೇ ಕಾರಿಗೆ ಜಾಗ, ತಾರೀಖು ಹಾಕಿ ಮೊದಲೇ ಕಾದಿರಿಸಬೇಕು. ತಾರೀಖಿಗೆ ಕಟ್ಟುಬಿದ್ದರೆ ಹವೆ ನೋಡಿ ದಿನ ಆರಿಸುವ ನನ್ನ ಲೆಕ್ಕವೇ ಬುಡಮೇಲು. ಆದ್ದರಿಂದ ಪಿ2ನಿಂದ ನಡೆಯುವುದೆಂದೇ ಸಿದ್ಧನಾಗಿದ್ದೆ, ಮೇಲಿನವರೆಗೆ ಶಟಲ್ ಬಸ್ಸಿನಲ್ಲಿ ಸೀಟು ಸಿಕ್ಕರೆ ಅದು ಲಾಭ. ಬೆಳಗ್ಗೆ ಆರಕ್ಕೆ ಹೆಜ್ಜೆ ಹಾಕಬೇಕು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲೇ ಇದ್ದರೂ ಹಿಂದಿರುಗುವುದು ಎಂದು ಹೊರಡುವ ಮುಂಚೆಯೇ ತೀರ್ಮಾನಿಸಿ, ಜೊತೆಗಿರುವವರಿಗೂ ಹೇಳಿ. ದಣಿದ ಮೇಲೆ ಮಾಡುವ ತೀರ್ಮಾನ ನಂಬಲು ಬರುವುದಿಲ್ಲ.

ಏರಿನ ಲೆಕ್ಕಕ್ಕೆ ನಮ್ಮ ಕುಮಾರಪರ್ವತವೇ ಇದಕ್ಕಿಂತ ಕಠಿಣ. ಕುಕ್ಕೆಯಿಂದ ಅದನ್ನು ಹತ್ತಿಳಿದ ಕಾಲಿಗೆ ಟ್ರೋಲ್‌ತುಂಗ ಹೊಸದೇನಲ್ಲ. ಇಲ್ಲಿ ಕೆಡಿಸುವುದು ಒದ್ದೆ ಮತ್ತು ಚಳಿ ಒಟ್ಟಿಗೆ ಬರುವುದು. ಜೀನ್ಸ್, ಹತ್ತಿಯ ಬನಿಯನ್ ಒಮ್ಮೆ ನೆನೆದರೆ ದಿನವಿಡೀ ಒಣಗದೆ ಮೈಯ ಬಿಸಿಯನ್ನು ಹೀರುತ್ತವೆ. ಕೈ ನಡುಗಿ ಜಿಪ್ ಹಾಕಲಾಗದ ಸ್ಥಿತಿ ಬೇಗ ಬರುತ್ತದೆ. ಒಳಗೆ ಉಣ್ಣೆಯ ತೆಳು ಅಂಗಿ, ಮೇಲೆ ಫ್ಲೀಸ್, ಅದರ ಮೇಲೆ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಕೊಡೆ ಕೆಲಸಕ್ಕೆ ಬಾರದು, ಪೊಂಚೋ ಗಾಳಿಗೆ ಪಟದಂತೆ ಉಬ್ಬಿ ಕಾಲು ತಪ್ಪಿಸುತ್ತದೆ. ಟೋಪಿ, ಕೈಗವಸು, ಹೆಡ್‌ಲ್ಯಾಂಪ್, ಎರಡು ಜೊತೆ ಉಣ್ಣೆಯ ಕಾಲುಚೀಲ, ಪವರ್‌ಬ್ಯಾಂಕ್ ಇರಲಿ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಕಣಕಾಲು ಹಿಡಿಯುವ ಬೂಟು ಬೇಕು, ಊರಿನಲ್ಲೇ ಮೂವತ್ತು ನಲವತ್ತು ಕಿ.ಮೀ. ನಡೆದು ಪಳಗಿಸಿರಬೇಕು. ದಾರಿಯುದ್ದಕ್ಕೂ ತೊರೆಗಳಿರುವುದರಿಂದ ಒಂದು ಲೀಟರ್ ಬಾಟಲಿ ಸಾಕು.

ಬೆಟ್ಟದಾರಿಗಳಲ್ಲಿ ಬಂಡೆಗಳ ಮೇಲೆ ಬಳಿದ ಕೆಂಪು 'ಟಿ' ಗುರುತು ಹಿಡಿದು ನಡೆಯಬೇಕು. 1868ರಲ್ಲಿ ಶುರುವಾದ ನಾರ್ವೆಯ ಚಾರಣ ಸಂಘದ ಗುರುತು ಅದು. ಮಂಜು ಕವಿದು ಮುಂದಿನ 'ಟಿ' ಕಾಣದಿದ್ದರೆ ಈಗಿನ ಗುರುತಿನ ಬಳಿಯೇ ನಿಲ್ಲಿ, ಹುಡುಕುತ್ತಾ ಅಲೆಯಬೇಡಿ. ಆಂಬುಲೆನ್ಸ್ 113, ಪೊಲೀಸ್ ಮತ್ತು ಪಾರುಗಾಣಿಕೆ 112.

ಲೋಮ್‌ಗೆ ಹೋಗುವ ದಾರಿಯೇ ಒಂದು ಪ್ರವಾಸ. ಔರ್‌ಲಾಂಡ್‌ನಿಂದ ಲೇರ್ಡಾಲ್‌ಗೆ ಎರಡು ದಾರಿ: 24.5 ಕಿ.ಮೀ. ಉದ್ದದ ಸುರಂಗ, ಅಥವಾ ಅದರ ನೆತ್ತಿಯ ಮೇಲಿನ 47 ಕಿ.ಮೀ. ಬೆಟ್ಟದ ರಸ್ತೆ, ಅದಕ್ಕೆ 'ಹಿಮದಾರಿ' ಎಂದೇ ಹೆಸರು. ಹವೆ ಚೆನ್ನಾಗಿದ್ದರೆ ಮೇಲಿನದನ್ನೇ ಹಿಡಿಯಿರಿ. ಸ್ಟೆಗಾಸ್ಟೈನ್ ನೋಟಕಟ್ಟೆಯಿಂದ 650 ಮೀಟರ್ ಕೆಳಗೆ ಫ್ಯೋರ್ಡ್ ಕಾಣುತ್ತದೆ. ರಸ್ತೆ ಒಂದೇ ಗಾಡಿಯ ಅಗಲ. 'ಎಂ' ಬರೆದ ನೀಲಿ ಫಲಕವಿರುವಲ್ಲಿ ಎದುರಿನವರಿಗೆ ಜಾಗ ಬಿಡಬೇಕು, ಆ ಜಾಗ ಯಾರಿಗೆ ಹತ್ತಿರವೋ ಅವರು ಹಿಂದಕ್ಕೆ ಹೋಗಬೇಕು. ಅಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುವುದು ದೊಡ್ಡ ತಪ್ಪು. ಕುರಿಗಳು ರಸ್ತೆಯ ಮೇಲೇ ಮಲಗಿರುತ್ತವೆ. ಮುಂದೆ ಗೌಪ್ನೆಯಿಂದ ಲೋಮ್‌ವರೆಗಿನ ಸೋಗ್ನೆಫ್ಯೆಲ್ಲೆ ರಸ್ತೆ 108 ಕಿ.ಮೀ., 1434 ಮೀಟರ್‌ವರೆಗೆ ಏರುತ್ತದೆ.

ಬೆಸ್ಸೆಗ್ಗೆನ್ ಏಣನ್ನು ಯಾವ ಕಡೆಯಿಂದ ನಡೆಯುವುದು ಎಂಬುದೇ ಮುಖ್ಯ. ಬೆಳಗಿನ ದೋಣಿಯಲ್ಲಿ ಯೆಂದೆಸ್‌ಹೈಮ್‌ನಿಂದ ಮೆಮುರುಬುಗೆ ಹೋಗಿ, ಅಲ್ಲಿಂದ ನಡೆದು ವಾಪಸ್ ಬನ್ನಿ. ಹೀಗಾದರೆ ಕೈ ಊರಿ ಹತ್ತುವ ಕಡಿದಾದ ಭಾಗ ಏರುವಾಗ ಸಿಗುತ್ತದೆ, ಇಳಿಯುವಾಗಲ್ಲ. ಸಂಜೆಯ ಕೊನೆಯ ದೋಣಿ ತಪ್ಪುವ ಗಾಬರಿಯೂ ಇಲ್ಲ. ಸುಮಾರು 14 ಕಿ.ಮೀ., ಆರರಿಂದ ಎಂಟು ಗಂಟೆ. ಏಣಿನ ಒಂದು ಬದಿಗೆ 984 ಮೀಟರ್ ಮಟ್ಟದಲ್ಲಿ ಹಸಿರು ಯೆಂದೆ ಸರೋವರ, ಇನ್ನೊಂದು ಬದಿಗೆ 1373 ಮೀಟರ್‌ನಲ್ಲಿ ಕಡುನೀಲಿ ಬೆಸ್‌ವಾತ್ನೆತ್. ಹಿಮನದಿ ಅರೆದ ಕಲ್ಲಿನ ಹುಡಿ ನೀರಿನಲ್ಲಿ ತೇಲುವುದರಿಂದ ಯೆಂದೆಗೆ ಆ ಹಸಿರು. ಎಷ್ಟು ಓದಿಕೊಂಡು ಹೋಗಿದ್ದರೂ ಎರಡೂ ಬಣ್ಣ ಒಟ್ಟಿಗೆ ಕಂಡಾಗ ಮಾತು ನಿಲ್ಲುತ್ತದೆ.

ಊಟಕ್ಕೆ ಕ್ಯಾಂಪಿಂಗ್ ಜಾಗಗಳ ಮರದ ಗುಡಿಸಲುಗಳಲ್ಲಿ ಒಲೆಯಿರುತ್ತದೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಹುರಿದ ರವೆ ಕಟ್ಟಿಕೊಂಡು ಹೋಗಬಹುದು. ತುಪ್ಪ, ಪೇಡೆ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಭಾನುವಾರ ದಿನಸಿ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ.

ಇಳಿಜಾರಿನ ಬಗ್ಗೆ ಒತ್ತಿ ಹೇಳಬೇಕು. ಗೈರಾಂಗರ್‌ಗೆ ದಕ್ಷಿಣದಿಂದ ಬಂದರೆ ಸುಮಾರು ಸಾವಿರ ಮೀಟರ್ ಎತ್ತರದಿಂದ ಕಡಲಮಟ್ಟಕ್ಕೆ ಒಂದೇ ಉಸಿರಿನಲ್ಲಿ ಇಳಿಯುವ ರಸ್ತೆ. ಆಗುಂಬೆ ಘಾಟಿ ಓಡಿಸಿದವರಿಗೆ ಹೇರ್‌ಪಿನ್ ತಿರುವು ಹೊಸದಲ್ಲ, ಇಷ್ಟು ಉದ್ದದ ಇಳಿಜಾರು ಹೊಸದು. ಡ್ರೈವ್‌ನಲ್ಲೇ ಬಿಟ್ಟು ಬ್ರೇಕ್ ಒತ್ತಿಕೊಂಡೇ ಬಂದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಮೊದಲು ಸುಟ್ಟ ವಾಸನೆ, ಆಮೇಲೆ ಪೆಡಲ್ ಮೆತ್ತಗಾಗುವುದು. ಇಳಿಯುವ ಮುಂಚೆಯೇ ಕೈಯಿಂದ ಎರಡನೇ ಗೇರ್‌ಗೆ ಇಳಿಸಿ, ಅಥವಾ ಗೇರ್‌ನಲ್ಲಿ ಇಳಿಜಾರಿಗೆಂದೇ ಇರುವ 'ಬಿ' ಸ್ಥಾನವಿದ್ದರೆ ಅದಕ್ಕೆ ಹಾಕಿ, ತಿರುವಿನ ಮುಂಚೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಆಮೇಲೆ ಕಾಲು ತೆಗೆಯಿರಿ. ವಾಸನೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ತಾನಾಗಿ ಆರಲು ಬಿಡಿ, ನೀರು ಎರಚಬೇಡಿ. ಎಲೆಕ್ಟ್ರಿಕ್ ಕಾರು ಇಳಿಯುವಾಗ ಮೋಟರಿನಿಂದಲೇ ವೇಗ ತಗ್ಗಿಸಿ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಬೆಟ್ಟದ ಮೇಲೆ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಆ ಹಿಡಿತ ಸಿಗದು. ಮೇಲೆ ಚಾರ್ಜ್ ಮಾಡುವುದನ್ನು ಎಂಬತ್ತಕ್ಕೆ ನಿಲ್ಲಿಸಿ.

ಗೈರಾಂಗರ್‌ನಿಂದ ಹದ್ದಿನ ದಾರಿಯ 11 ತಿರುವು ಹತ್ತಿ, ಐಡ್ಸ್‌ಡಾಲ್–ಲಿಂಗೆ ಫೆರಿ ದಾಟಿದರೆ ಟ್ರೋಲ್‌ಸ್ಟೀಗನ್. ವಾಲ್‌ಡಾಲ್‌ನಿಂದ ಓಂಡಾಲ್ಸ್‌ನೆಸ್‌ಗೆ ಹೋಗುವ, 1936ರಲ್ಲಿ ತೆರೆದ ಘಾಟಿ ರಸ್ತೆ, ಇದಕ್ಕೂ 11 ತಿರುವು. ಬಂಡೆ ಉರುಳುವ ಅಪಾಯದಿಂದ 2024ರ ಋತುವಿನ ಬಹುಪಾಲು ಇದನ್ನು ಮುಚ್ಚಿದ್ದರು. ಹೊರಡುವ ಬೆಳಗ್ಗೆ ರಸ್ತೆ ಇಲಾಖೆಯ ಆ್ಯಪ್ ನೋಡಿ, ಅಥವಾ 175ಕ್ಕೆ ಕರೆ ಮಾಡಿ ಕೇಳಿ. ಮುಚ್ಚಿದ್ದರೆ ವಾಲ್‌ಡಾಲ್‌ನಿಂದ ಶೋಹೋಲ್ಟ್, ವೆಸ್ಟ್‌ನೆಸ್ ಸುತ್ತಿ ಓಂಡಾಲ್ಸ್‌ನೆಸ್ ಸೇರಬಹುದು, ಎರಡು ಗಂಟೆಗೂ ಮಿಗಿಲು ಹಿಡಿಯುತ್ತದೆ. ಅಂದೇ ವಿಮಾನವಿದ್ದರೆ ಶೋಹೋಲ್ಟ್‌ನಿಂದ ಎಡಕ್ಕೆ ತಿರುಗಿ ಸೀದಾ ಓಲೆಸುಂಡ್‌ಗೆ ಹೋಗಿಬಿಡಿ.