ಪಾರ್ಟಿಗೆ ಟ್ಯಾಕೊ ಡಿಪ್: ನೀರೂ ಒಡೆಯಬಾರದು, ಜಿಡ್ಡೂ ಕಟ್ಟಬಾರದು

ಟ್ಯಾಕೊ ಡಿಪ್ ಎಂದರೆ ಬೀನ್ಸ್, ಖೀಮಾ, ಬೆಣ್ಣೆಹಣ್ಣು, ಕ್ರೀಮ್, ಚೀಸನ್ನು ಪದರ ಪದರವಾಗಿ ಹಾಕಿ, ಕಾರ್ನ್ ಚಿಪ್ಸ್ ಅದ್ದಿ ತಿನ್ನುವ ತಿನಿಸು. ಮಾಡುವುದು ಯಾರಿಗೂ ಕಷ್ಟವಲ್ಲ. ಅದು ಮೇಜಿನ ಮೇಲೆ ಕೂತು ಒಂದೂವರೆ ಗಂಟೆ ಕಳೆದ ಮೇಲೂ ಹದವಾಗಿಯೇ ಇರುವಂತೆ ನೋಡಿಕೊಳ್ಳುವುದರಲ್ಲಿ ಕೆಲಸವಿದೆ. ಇದು ಕೆಡುವುದು ಎರಡೇ ಎರಡರಿಂದ, ನೀರು ಮತ್ತು ಜಿಡ್ಡು. ಟೊಮೆಟೊ, ಸಾಲ್ಸಾ (ಟೊಮೆಟೊ, ಮೆಣಸಿನಕಾಯಿಯ ಚಟ್ನಿ), ಲೆಟಿಸ್ ನೀರು ಬಿಡುತ್ತವೆ, ಬೀಫ್ ಖೀಮಾ ಜಿಡ್ಡು ಬಿಡುತ್ತದೆ. ಪ್ರತಿ ಪದರ ಹಾಕುವ ಮುಂಚೆ ‘ಇದರ ನೀರು ತೆಗೆದೆನೇ, ಜಿಡ್ಡು ತೆಗೆದೆನೇ’ ಎಂದು ಕೇಳಿಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಟೆಕ್ಸಸ್ ಕಡೆಯ, ಮೆಕ್ಸಿಕೊದ ರುಚಿ ಬೆರೆತ ಟೆಕ್ಸ್-ಮೆಕ್ಸ್ ಅಡುಗೆಯ ಕುಟುಂಬಕ್ಕೆ ಸೇರಿದ ತಿನಿಸು ಇದು. ಅಮೆರಿಕದ ಮನೆಗಳಲ್ಲಿ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್ಬಾಲ್ ಫೈನಲ್ ನಡೆಯುವ ಸೂಪರ್ ಬೌಲ್ ಭಾನುವಾರ, ಹುಟ್ಟುಹಬ್ಬ, ಎಲ್ಲರೂ ಒಂದೊಂದು ತಿನಿಸು ತರುವ ಆಫೀಸಿನ ಪಾಟ್‌ಲಕ್ ಇದ್ದಾಗ ಮಾಡುತ್ತಾರೆ. ಅಲ್ಲಿ ನೆಲೆಸಿದ ನಮ್ಮವರಿಗೂ ನೆರೆಹೊರೆಯವರ ಪಾರ್ಟಿಗೆ ಒಯ್ಯಲು ಇದು ಅನುಕೂಲದ್ದು, ಹಿಂದಿನ ರಾತ್ರಿಯೇ ಅರ್ಧ ಮಾಡಿಡಬಹುದು.

ಮೊದಲು ಪಾತ್ರೆ. 9 ಇಂಚು ಅಗಲ, 13 ಇಂಚು ಉದ್ದದ ಗಾಜಿನ ಬೇಕಿಂಗ್ ಪಾತ್ರೆ ಸರಿಯಾದದ್ದು, ಹನ್ನೆರಡರಿಂದ ಹದಿನೈದು ಜನಕ್ಕೆ ಸಾಕಾಗುತ್ತದೆ. ಪದರ ಕಾಣಲಿ ಎಂದು ಆಳದ ಗಾಜಿನ ಬೋಗುಣಿಯಲ್ಲಿ ಮಾಡುವವರಿದ್ದಾರೆ. ನೋಡಲು ಚೆಂದ, ತಿನ್ನಲು ಕಷ್ಟ. ಕಾರ್ನ್ ಚಿಪ್ಸ್ ಕೆಳಗಿನವರೆಗೆ ಇಳಿಯುವುದೇ ಇಲ್ಲ. ಮೇಲಿನ ಕ್ರೀಮ್, ಚೀಸ್ ಖಾಲಿಯಾಗಿ ಕೊನೆಗೆ ತಳದಲ್ಲಿ ಬರೀ ಬೀನ್ಸ್ ಉಳಿಯುತ್ತದೆ. ಒಂದೊಂದು ಪದರ ಕಾಲು ಇಂಚು, ಎಲ್ಲ ಸೇರಿ ಒಂದೂವರೆ ಇಂಚು ದಾಟಬಾರದು. ಆಗ ಒಂದೇ ಚಿಪ್ಸ್‌ನಲ್ಲಿ ಎಲ್ಲ ರುಚಿಯೂ ಬಾಯಿಗೆ ಬರುತ್ತದೆ.

ಈಗ ಖೀಮಾ. ಮೇಲೆ ಹೇಳಿದ ಪಾತ್ರೆಗೆ 1 ಪೌಂಡ್, ಅಂದರೆ ಸುಮಾರು 450 ಗ್ರಾಂ ಬೇಕು. ಪ್ಯಾಕೆಟ್ ಮೇಲೆ 80/20, 85/15, 90/10 ಎಂದು ಬರೆದಿರುತ್ತದೆ. ಮೊದಲಿನದು ಮಾಂಸದ ಪಾಲು, ಎರಡನೆಯದು ಕೊಬ್ಬಿನ ಪಾಲು. ಬರ್ಗರ್‌ಗೆ 80/20 ಒಳ್ಳೆಯದಿರಬಹುದು, ಈ ಡಿಪ್‌ಗೆ 90/10 ಅನ್ನೇ ತನ್ನಿ. ಕಾರಣವಿದೆ. ಬೀಫ್ ಕೊಬ್ಬು ಬಿಸಿಯಲ್ಲಿ ಎಣ್ಣೆಯಂತೆ ಹರಿದಾಡುತ್ತದೆ, ಆದರೆ ಫ್ರಿಜ್ಜಿಗೆ ಹೋದ ಕೂಡಲೇ ಚಳಿಗಾಲದಲ್ಲಿ ತುಪ್ಪ ಹೆರೆತ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ತಣ್ಣಗೆ ಬಡಿಸುವ ಡಿಪ್‌ನಲ್ಲಿ ಅದು ಮೇಣದಂತೆ ಅಂಗುಳಕ್ಕೆ ಅಂಟುತ್ತದೆ. ‘ರುಚಿ ಚೆನ್ನಾಗಿದೆ, ಬಾಯಿ ಮಾತ್ರ ಯಾಕೋ ಜಿಡ್ಡು ಜಿಡ್ಡು’ ಎಂದು ಯಾರಾದರೂ ಅಂದರೆ ಅದಕ್ಕೆ ಇದೇ ಕಾರಣ.

ದಪ್ಪ ತಳದ ಅಗಲ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಖೀಮಾ ಹಾಕಿ, ಎಣ್ಣೆ ಬೇಡ. ಮೊದಲ ಎರಡು ನಿಮಿಷ ಕೈಯಾಡಿಸಬೇಡಿ, ತಳ ಕಂದು ಬಣ್ಣಕ್ಕೆ ತಿರುಗಲಿ. ಆಮೇಲೆ ಮರದ ಸೌಟಿನಿಂದ ಅಥವಾ ಆಲೂಗಡ್ಡೆ ಹಿಸುಕುವ ಉಪಕರಣದಿಂದ ಒತ್ತಿ ಒತ್ತಿ ಒಡೆಯಿರಿ. ಗಾತ್ರ ಇಲ್ಲಿ ಮುಖ್ಯ. ಕಡಲೆಕಾಳಿನಷ್ಟು ದೊಡ್ಡ ಉಂಡೆ ಉಳಿದರೆ ಚಿಪ್ಸ್ ಅದ್ದಿದಾಗ ಉರುಳಿ ಬೀಳುತ್ತದೆ. ಸಾಸಿವೆಗಿಂತ ದಪ್ಪ, ಉದ್ದಿನ ಕಾಳಿಗಿಂತ ಸಣ್ಣ, ಅಷ್ಟು ಪುಡಿಯಾಗಬೇಕು. ಬಾಣಲೆ ಚಿಕ್ಕದಾದರೆ ಮಾಂಸ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯತೊಡಗುತ್ತದೆ, ಬೂದು ಬಣ್ಣ ಬರುತ್ತದೆ. ಹಾಗಾದರೆ ಹೆದರಬೇಡಿ, ಉರಿ ಜಾಸ್ತಿ ಮಾಡಿ, ಆ ನೀರು ಆರಿ ಚಟಪಟ ಸದ್ದು ಶುರುವಾಗುವ ತನಕ ಕಾಯಿರಿ. ಆ ಸದ್ದು ಕೇಳಿದ ಮೇಲೆ ಸಣ್ಣಗೆ ಹೆಚ್ಚಿದ ಒಂದು ಚಿಕ್ಕ ಈರುಳ್ಳಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಹಾಕಿ ಮೂರು ನಿಮಿಷ ಬಾಡಿಸಿ. ಮಾಂಸದಲ್ಲಿ ಎಲ್ಲೂ ಗುಲಾಬಿ ಬಣ್ಣ ಉಳಿಯಬಾರದು. ಥರ್ಮಾಮೀಟರ್ ಇದ್ದವರು 71 ಡಿಗ್ರಿ ಸೆಲ್ಸಿಯಸ್, ಅಂದರೆ 160 ಫ್ಯಾರನ್‌ಹೀಟ್ ನೋಡಿಕೊಳ್ಳಿ.

ಈಗ ಬಾಣಲೆಯನ್ನು ಒಂದು ಬದಿಗೆ ಓರೆ ಮಾಡಿ, ಖೀಮಾವನ್ನು ಮೇಲಕ್ಕೆ ಎಳೆದಿಟ್ಟು, ಕೆಳಗೆ ಇಳಿದ ಜಿಡ್ಡನ್ನು ಚಮಚದಲ್ಲಿ ತೆಗೆಯಿರಿ. ಉಳಿದದ್ದನ್ನು ಪೇಪರ್ ಟವೆಲ್ ಮಡಿಸಿ ಒತ್ತಿ ಹೀರಿಸಿ. ಇದನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನೊಳಗೆ ತಣ್ಣಗಾಗಿ ಕಟ್ಟಿಕೊಳ್ಳುತ್ತದೆ. ಬೀನ್ಸಿನ ಖಾಲಿ ಡಬ್ಬಿಗೆ ಹಾಕಿಟ್ಟು, ಗಟ್ಟಿಯಾದ ಮೇಲೆ ಕಸಕ್ಕೆ ಎಸೆಯಿರಿ. ಮಸಾಲೆ ಹಾಕುವ ಮುಂಚೆಯೇ ಜಿಡ್ಡು ತೆಗೆಯಬೇಕು. ಆಮೇಲೆ ತೆಗೆಯಲು ಹೋದರೆ ಮಸಾಲೆಯೂ ಅದರ ಜೊತೆಗೇ ಹೋಗುತ್ತದೆ.

ಅಂಗಡಿಯ ಟ್ಯಾಕೊ ಮಸಾಲೆ ಪ್ಯಾಕೆಟ್ ಸಾಮಾನ್ಯವಾಗಿ 28 ಗ್ರಾಂ ಇರುತ್ತದೆ, 1 ಪೌಂಡ್ ಮಾಂಸಕ್ಕೆ ಒಂದು. ಅದರಲ್ಲಿ ಉಪ್ಪು ಸಾಕಷ್ಟಿರುವುದರಿಂದ ಬೇರೆ ಉಪ್ಪು ಬೇಡ, ಚಿಪ್ಸ್‌ನಲ್ಲೂ ಚೀಸಿನಲ್ಲೂ ಉಪ್ಪಿದೆಯಲ್ಲ. ಮನೆಯಲ್ಲೇ ಮಾಡುವುದಾದರೆ 1 ದೊಡ್ಡ ಚಮಚ ಅಮೆರಿಕನ್ ಚಿಲಿ ಪೌಡರ್, ಒಂದೂವರೆ ಚಿಕ್ಕ ಚಮಚ ಜೀರಿಗೆ ಪುಡಿ, 1 ಚಿಕ್ಕ ಚಮಚ ಪಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ), ಅರ್ಧ ಚಿಕ್ಕ ಚಮಚ ಒರಿಗ್ಯಾನೊ, ಮುಕ್ಕಾಲು ಚಿಕ್ಕ ಚಮಚ ಉಪ್ಪು, 1 ಚಿಕ್ಕ ಚಮಚ ಕಾರ್ನ್‌ಫ್ಲೋರ್. ಇಲ್ಲೊಂದು ಎಚ್ಚರಿಕೆ. ಅಲ್ಲಿ ಚಿಲಿ ಪೌಡರ್ ಎಂದರೆ ನಮ್ಮ ಅಚ್ಚಖಾರದ ಪುಡಿ ಅಲ್ಲ. ಜೀರಿಗೆ, ಒರಿಗ್ಯಾನೊ, ಬೆಳ್ಳುಳ್ಳಿ ಬೆರೆತ ಮಸಾಲೆ ಅದು. 1890ರ ದಶಕದಲ್ಲಿ ಟೆಕ್ಸಸ್‌ನ ನ್ಯೂ ಬ್ರಾನ್‌ಫೆಲ್ಸ್ ಊರಿನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಅಂಥ ಪುಡಿ ಮಾಡಿ ಮಾರಲು ಶುರು ಮಾಡಿದ. ಅದರ ಅಳತೆಗೆ ನಮ್ಮ ಗುಂಟೂರು ಖಾರದ ಪುಡಿ ಹಾಕಿದರೆ ಮಕ್ಕಳು ಮುಟ್ಟುವುದಿಲ್ಲ. ಮನೆಯಲ್ಲಿ ಬ್ಯಾಡಗಿ ಮೆಣಸಿನ ಪುಡಿ ಇದ್ದರೆ ಎರಡು ಚಿಕ್ಕ ಚಮಚ ಹಾಕಿ, ಪಾಪ್ರಿಕಾ ಬಿಡಿ, ಜೀರಿಗೆಯನ್ನು ಅರ್ಧ ಚಮಚ ಹೆಚ್ಚಿಸಿ. ಬಣ್ಣವೂ ಸೊಗಸಾಗಿ ಬರುತ್ತದೆ, ಖಾರವೂ ಹಿಡಿತದಲ್ಲಿರುತ್ತದೆ.

ಮಸಾಲೆಯನ್ನು ಅರ್ಧ ನಿಮಿಷ ಹುರಿದು, ಅರ್ಧ ಕಪ್ ನೀರು ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ. ಬಾಣಲೆಯ ತಳದಲ್ಲಿ ಸೌಟು ಎಳೆದರೆ ಗೆರೆ ಒಣಗಿಯೇ ಉಳಿಯಬೇಕು, ನೀರು ಹರಿದು ಮುಚ್ಚಿಕೊಳ್ಳಬಾರದು. ರೊಟ್ಟಿಯಲ್ಲಿ ತುಂಬಿ ತಿನ್ನುವ ಟ್ಯಾಕೊಗೆ ಸ್ವಲ್ಪ ರಸ ಇದ್ದರೆ ನಡೆಯುತ್ತದೆ, ಡಿಪ್‌ಗೆ ಉದುರು ಉಪ್ಪಿಟ್ಟಿನ ಹದ ಬೇಕು. ನಂತರ ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ, ಅರ್ಧ ಗಂಟೆ ಸಾಕು. ಆತುರಕ್ಕೆ ಬಿಸಿ ಖೀಮಾ ಮೇಲೆ ಕ್ರೀಮ್ ಹರಡಿದರೆ ಕ್ರೀಮ್ ಕರಗಿ ಕೆಳಗಿಳಿಯುತ್ತದೆ. ಹಬೆ ಒಳಗೇ ಸಿಕ್ಕಿ ನೀರಾಗುತ್ತದೆ. ಎಷ್ಟೋ ಡಿಪ್‌ಗಳು ಕೆಡುವುದು ಇದೊಂದೇ ಆತುರದಿಂದ.

ತಳಕ್ಕೆ ರೀಫ್ರೈಡ್ ಬೀನ್ಸ್ (ಬೇಯಿಸಿ ಹಿಸುಕಿ ಹುರಿದ ಬೀನ್ಸ್), 450 ಗ್ರಾಂನ ಒಂದು ಡಬ್ಬಿ. ಸ್ಪ್ಯಾನಿಷ್‌ನಲ್ಲಿ ರೆಫ್ರಿತೋಸ್ ಎಂದರೆ ಎರಡು ಸಲ ಹುರಿದದ್ದು ಎಂದಲ್ಲ, ಚೆನ್ನಾಗಿ ಹುರಿದದ್ದು ಎಂದು. ಡಬ್ಬಿಯಿಂದ ಬಂದಾಗ ಅದು ಹಲ್ವದಷ್ಟು ಗಟ್ಟಿ, ಹಾಗೇ ಹರಡಿದರೆ ಚಿಪ್ಸ್ ಅದರಲ್ಲೇ ಮುರಿದು ನಿಲ್ಲುತ್ತದೆ. ಎರಡು ಮೂರು ದೊಡ್ಡ ಚಮಚ ಹಾಲು ಹಾಕಿ ಬೆಚ್ಚಗೆ ಮಾಡಿ ಕಲಸಿ, ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ತಣ್ಣಗಾದಾಗ ಮತ್ತೆ ಬಿಗಿಯಾಗುವುದರಿಂದ ಈಗ ತುಸು ಸಡಿಲವೇ ಇರಲಿ. ಡಬ್ಬಿ ಬೇಡವೆಂದರೆ 1 ಕಪ್ ಪಿಂಟೊ ಬೀನ್ಸ್ ರಾತ್ರಿ ನೆನೆಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಎಣ್ಣೆಯಲ್ಲಿ ಈರುಳ್ಳಿ, ಜೀರಿಗೆ ಪುಡಿ ಜೊತೆ ಹಿಸುಕಿ ಹುರಿಯಿರಿ. ಬೆಂದ ನೀರನ್ನು ಚೆಲ್ಲಬೇಡಿ, ಹದ ಮಾಡಲು ಹಾಲಿಗಿಂತ ಅದೇ ಒಳ್ಳೆಯದು.

ಸಾಲ್ಸಾವನ್ನು ಬಾಟಲಿಯಿಂದ ನೇರ ಸುರಿಯುವುದು ದೊಡ್ಡ ತಪ್ಪು. 1 ಕಪ್ ಸಾಲ್ಸಾವನ್ನು ಜರಡಿಯಲ್ಲಿ ಅರ್ಧ ಗಂಟೆ ಇಟ್ಟು ನೋಡಿ, ಕೆಳಗಿನ ಬಟ್ಟಲಿನಲ್ಲಿ ಎಷ್ಟು ನೀರು ನಿಂತಿರುತ್ತದೆ ಎಂದು! ಅಷ್ಟೂ ನಿಮ್ಮ ಡಿಪ್‌ನೊಳಗೆ ಹೋಗುತ್ತಿತ್ತು. ಆ ನೀರಿನಲ್ಲಿ ಒಳ್ಳೆಯ ರುಚಿ ಇರುತ್ತದೆ. ಸಾಲ್ಸಾವನ್ನು ಮೊದಲೇ ಸೋಸಲು ಇಟ್ಟು, ಖೀಮಾಕ್ಕೆ ಹಾಕುವ ಅರ್ಧ ಕಪ್ ನೀರಿನ ಜಾಗದಲ್ಲಿ ಅದನ್ನೇ ಬಳಸಿದರೆ ಏನೂ ಹಾಳಾಗುವುದಿಲ್ಲ.

ಬರೀ ಸೌರ್ ಕ್ರೀಮ್ (ಹುಳಿ ಬರಿಸಿದ ಕ್ರೀಮ್) ಹರಡಿದರೆ ರಾತ್ರಿ ಕಳೆಯುವುದರೊಳಗೆ ಮೊಸರಿನಂತೆ ಅಂಚಿನಲ್ಲಿ ನೀರು ಒಡೆಯುತ್ತದೆ. ಅದಕ್ಕೇ 225 ಗ್ರಾಂ ಕ್ರೀಮ್ ಚೀಸಿಗೆ ಅಷ್ಟೇ ತೂಕದ ಸೌರ್ ಕ್ರೀಮ್ ಸೇರಿಸಿ. ಕ್ರೀಮ್ ಚೀಸನ್ನು ಒಂದು ಗಂಟೆ ಮೊದಲು ಹೊರಗಿಟ್ಟು, ಅದೊಂದನ್ನೇ ಮೊದಲು ನುಣ್ಣಗೆ ಕಡೆದು, ಆಮೇಲೆ ಸೌರ್ ಕ್ರೀಮನ್ನು ಸ್ವಲ್ಪ ಸ್ವಲ್ಪ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗಂಟು ಬೀಳುತ್ತದೆ, ಎಷ್ಟು ತಿರುವಿದರೂ ಹೋಗುವುದಿಲ್ಲ. ಕಡಿಮೆ ಕೊಬ್ಬಿನ ಸೌರ್ ಕ್ರೀಮ್ ಇಲ್ಲಿ ಬೇಡ, ನೀರು ಬೇಗ ಬಿಡುತ್ತದೆ.

ಗ್ವಾಕಮೋಲೆಗೆ, ಅಂದರೆ ಹಿಸುಕಿದ ಬೆಣ್ಣೆಹಣ್ಣಿನ ಪದರಕ್ಕೆ, ಮೂರು ಬೆಣ್ಣೆಹಣ್ಣು, 2 ದೊಡ್ಡ ಚಮಚ ಲೈಮ್ ರಸ, ಅರ್ಧ ಚಿಕ್ಕ ಚಮಚ ಉಪ್ಪು. ಹಾಸ್ ತಳಿಯದಾದರೆ ಸಿಪ್ಪೆ ಕಪ್ಪು ತಿರುಗಿ, ಅಂಗೈಯಲ್ಲಿ ಹಿಡಿದು ಮೆಲ್ಲನೆ ಒತ್ತಿದಾಗ ತುಸು ತಗ್ಗಬೇಕು. ಕಾಯಿ ಇದ್ದರೆ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಎರಡು ದಿನ ಇಡಿ. ಹಿಸುಕಿದ ಹಣ್ಣಿಗೆ ಗಾಳಿ ತಗುಲಿದರೆ ಬದನೆಕಾಯಿ ಹೆಚ್ಚಿಟ್ಟ ಹಾಗೆ ಕಂದಾಗುತ್ತದೆ. ಲೈಮ್ ರಸ ಅದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಅನೇಕರು ಗ್ವಾಕಮೋಲೆಯನ್ನು ಕ್ರೀಮಿನ ಮೇಲೆ ಹರಡುತ್ತಾರೆ. ಕೆಳಗೆ ಹಾಕುವುದೇ ಸರಿ. ಬೀನ್ಸ್, ಅದರ ಮೇಲೆ ಖೀಮಾ, ಅದರ ಮೇಲೆ ಬೆಣ್ಣೆಹಣ್ಣು, ಅದನ್ನು ಪೂರ್ತಿ ಮುಚ್ಚುವಂತೆ ಕ್ರೀಮ್. ಕ್ರೀಮ್ ಪಾತ್ರೆಯ ಗೋಡೆಗೆ ಸುತ್ತಲೂ ಅಂಟಿಕೊಳ್ಳಬೇಕು, ಆಗ ಒಳಗೆ ಗಾಳಿಗೆ ದಾರಿ ಇಲ್ಲ, ಮರುದಿನವೂ ಹಸಿರು ಉಳಿಯುತ್ತದೆ.

ಮೆತ್ತಗಿನ ಹಣ್ಣಿನ ಮೇಲೆ ಕ್ರೀಮ್ ಹರಡುವಾಗ ಎರಡೂ ಕಲಸಿಹೋಗುತ್ತವೆ ಎಂದು ಬಹಳ ಜನ ದೂರುತ್ತಾರೆ. ಕ್ರೀಮನ್ನು ಜಿಪ್ ಚೀಲಕ್ಕೆ ತುಂಬಿ, ಒಂದು ಮೂಲೆಯನ್ನು ಅರ್ಧ ಇಂಚು ಕತ್ತರಿಸಿ, ಮೊದಲು ಅಂಚಿನ ಸುತ್ತ, ಆಮೇಲೆ ನಡುವೆ ಪಕ್ಕಪಕ್ಕದಲ್ಲೇ ಗೆರೆ ಎಳೆದ ಹಾಗೆ ಹಿಂಡಿ. ಬಿಸಿ ನೀರಿನಲ್ಲಿ ಅದ್ದಿ ಒರೆಸಿದ ಚಮಚದ ಬೆನ್ನಿನಿಂದ ಆ ಗೆರೆಗಳನ್ನು ಸವರಿದರೆ ಸಾಕು, ಒತ್ತುವ ಕೆಲಸವೇ ಇಲ್ಲ. ಖೀಮಾ ಮೇಲೆ ಬೆಣ್ಣೆಹಣ್ಣು ಹರಡಲೂ ಇದೇ ಉಪಾಯ.

ಕ್ರೀಮಿನ ಮೇಲೆ ಸೋಸಿದ ಸಾಲ್ಸಾ, ಅದರ ಮೇಲೆ 200 ಗ್ರಾಂ ತುರಿದ ಚೆಡ್ಡಾರ್ ಅಥವಾ ಮಾಂಟೆರೆ ಜ್ಯಾಕ್ ಚೀಸ್. ತಣ್ಣಗಿನ ಡಿಪ್‌ಗೆ ಅಂಗಡಿಯ ತುರಿದ ಚೀಸ್ ನಡೆಯುತ್ತದೆ. ಇಲ್ಲಿಯವರೆಗೆ ಮಾಡಿ, ಮುಚ್ಚಿ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಬಹುದು. ಕಡಿಮೆಯೆಂದರೆ ಎರಡು ಗಂಟೆ ಬೇಕೇ ಬೇಕು.

ಮೇಲಿನ ಅಲಂಕಾರ ಬಡಿಸುವ ಹೊತ್ತಿಗೆ. ಕೋಸಂಬರಿಗೆ ಉಪ್ಪನ್ನು ಬಡಿಸುವಾಗ ಹಾಕುವುದು ಯಾಕೆ ಎಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ, ಇಲ್ಲಿಯೂ ಅದೇ ಲೆಕ್ಕ. ಎರಡು ರೋಮಾ ಟೊಮೆಟೊ ಸೀಳಿ, ಬೀಜ ರಸ ಬೆರಳಿನಿಂದ ತೆಗೆದು, ತಿರುಳನ್ನು ಸಣ್ಣಗೆ ಹೆಚ್ಚಿ. ಒಂದೂವರೆ ಕಪ್ ಐಸ್‌ಬರ್ಗ್ ಲೆಟಿಸ್ ತೊಳೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿ ಹೆಚ್ಚಿ. ಕಪ್ಪು ಆಲಿವ್, ಈರುಳ್ಳಿ ಹೂ, ಕೊತ್ತಂಬರಿ, ಹಲಪೆನ್ಯೊ ಮೆಣಸಿನಕಾಯಿ ನಿಮ್ಮಿಷ್ಟ. ಡಬ್ಬಿಯ ಆಲಿವ್ ಆದರೆ ಒರೆಸಿ ಹಾಕಿ. ಬೇರೆ ಮನೆಗೆ ಒಯ್ಯುವುದಿದ್ದರೆ ಇವನ್ನೆಲ್ಲ ಬೇರೆ ಬೇರೆ ಚೀಲದಲ್ಲಿ ಕಟ್ಟಿಕೊಂಡು ಹೋಗಿ ಅಲ್ಲೇ ಉದುರಿಸಿ. ಚಿಪ್ಸ್ ದಪ್ಪನೆಯದು ಅಥವಾ ಬಟ್ಟಲಿನ ಆಕಾರದ್ದು ಇರಲಿ. ತೆಳು ಚಿಪ್ಸ್ ಈ ಭಾರ ತಡೆಯುವುದಿಲ್ಲ.

ಹೊತ್ತಿನ ಬಗ್ಗೆ ಸಡಿಲ ಬೇಡ. ಮಾಂಸ, ಹಾಲಿನ ಪದಾರ್ಥ ಎರಡೂ ಇರುವುದರಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹಿತ್ತಲಿನ ಪಾರ್ಟಿ, ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ದೊಡ್ಡ ಪಾತ್ರೆ ಒಂದರ ಬದಲು 8 ಇಂಚಿನ ಎರಡು ಪಾತ್ರೆಯಲ್ಲಿ ಮಾಡಿ ಒಂದನ್ನು ಮೇಜಿಗೆ, ಇನ್ನೊಂದನ್ನು ಫ್ರಿಜ್ಜಿಗೆ ಇಟ್ಟರೆ ತಡವಾಗಿ ಬಂದವರಿಗೂ ತಾಜಾ ಸಿಗುತ್ತದೆ. ಅಥವಾ ಅಗಲ ತಟ್ಟೆಯಲ್ಲಿ ಐಸ್ ತುಂಬಿ ಅದರ ಮೇಲೆ ಪಾತ್ರೆ ಕೂರಿಸಿ.

ಬಿಸಿಯಾಗಿ ಬಡಿಸುವ ಆಸೆಯಿದ್ದರೆ ಬೀನ್ಸ್, ಖೀಮಾ, ಸೋಸಿದ ಸಾಲ್ಸಾ, ಚೀಸ್ ಇಷ್ಟನ್ನು ಮಾತ್ರ 175 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಅಂಚು ಕುದಿದ ಮೇಲೆ ಹೊರತೆಗೆದು, ಬೆಣ್ಣೆಹಣ್ಣು, ಕ್ರೀಮನ್ನು ಮೇಲೆ ಅಲ್ಲಲ್ಲಿ ಇಡಿ. ಇದಕ್ಕೆ ಗಟ್ಟಿ ಚೀಸನ್ನು ನೀವೇ ತುರಿಯಿರಿ. ಅಂಗಡಿಯ ತುರಿಗೆ ಅಂಟದಿರಲೆಂದು ಸವರಿದ ಪಿಷ್ಟದ ಪುಡಿ ಅದನ್ನು ನುಣ್ಣಗೆ ಕರಗಲು ಬಿಡುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರ ಬಿಸಿ ಓವನ್ನಿಗೆ ಇಡಬೇಡಿ, ಸೀಳಿ ಹೋಗಬಹುದು.

ನಮ್ಮವರು ಸೇರುವ ಪಾರ್ಟಿಯಲ್ಲಿ ಬೀಫ್ ತಿನ್ನದವರು, ಮಾಂಸವನ್ನೇ ಮುಟ್ಟದವರು ಇರುತ್ತಾರೆ. ಪಾತ್ರೆಯ ಮುಂದೆ ‘ಬೀಫ್ ಇದೆ’ ಎಂದು ಚೀಟಿ ಬರೆದಿಡಿ. ಮೇಲೆ ಹಸಿರು ಸೊಪ್ಪು ಮುಚ್ಚಿರುವುದರಿಂದ ನೋಡಿದರೆ ಗೊತ್ತಾಗುವುದಿಲ್ಲ. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಯಲ್ಲಿ ಖೀಮಾ ಬದಲು ಮಸಾಲೆ ಹಾಕಿ ಒಣಗಿಸಿದ ಕಪ್ಪು ಬೀನ್ಸ್ ಹಾಕಬಹುದು. ಆದರೆ ಡಬ್ಬಿಯ ಲೇಬಲ್ ಓದದೆ ‘ಇದರಲ್ಲಿ ಮಾಂಸವಿಲ್ಲ’ ಎಂದು ಹೇಳಬೇಡಿ. ಸಾಂಪ್ರದಾಯಿಕ ರೀಫ್ರೈಡ್ ಬೀನ್ಸಿನಲ್ಲಿ ಹಂದಿ ಕೊಬ್ಬು, ಅಂದರೆ ಲಾರ್ಡ್ ಇರುತ್ತದೆ. ‘ವೆಜಿಟೇರಿಯನ್’ ಎಂದು ಬರೆದ ಡಬ್ಬಿಯನ್ನೇ ಆರಿಸಿ. ಕೆಲವು ಸೌರ್ ಕ್ರೀಮಿನಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಾಟಿನ್ ಇರುತ್ತದೆ, ಕೆಲವು ಚೀಸಿಗೆ ಹಾಲು ಒಡೆಸಲು ಪ್ರಾಣಿಮೂಲದ ರೆನೆಟ್ ಬಳಸಿರುತ್ತಾರೆ. ಎರಡು ಪಾತ್ರೆಗೂ ಬೇರೆ ಬೇರೆ ಚಮಚ ಇಡಿ, ಪಾತ್ರೆಗಳನ್ನು ಮೇಜಿನ ಎರಡು ತುದಿಗೆ ಇಡಿ. ಒಂದು ಕಡೆ ಅದ್ದಿದ ಚಿಪ್ಸನ್ನು ಮಕ್ಕಳು ಇನ್ನೊಂದಕ್ಕೂ ಅದ್ದಿಬಿಡುತ್ತಾರೆ.