ತೆಂಗಿನ ಚಿಪ್ಪಿನ ಇದ್ದಿಲಲ್ಲಿ ಕರೆಂಟ್ ಕೂಡಿಡುವುದು ಹೇಗೆ?

ಮದ್ದೂರಿನ ಸುತ್ತ ತೆಂಗಿನ ಚಿಪ್ಪಿಗೆ ಬರವಿಲ್ಲ. ವಿಜ್ಞಾನ ಮೇಳಕ್ಕೆ ಸೂಪರ್ ಕೆಪಾಸಿಟರ್ (ಬ್ಯಾಟರಿಯಂತೆ ಕರೆಂಟ್ ಕೂಡಿಡುವ ಸಾಧನ) ಮಾಡುವ ಮಕ್ಕಳು ಚಿಪ್ಪು ಸುಟ್ಟು, ಆ ಇದ್ದಿಲನ್ನೇ ಪುಡಿ ಮಾಡಿ ತರುತ್ತಾರೆ. ಅದು ಸಾಲದು. ಒಲೆಯ ಇದ್ದಿಲಿನ ರಂಧ್ರಗಳು ಡಾಂಬರಿನಂಥ ಜಿಡ್ಡಿನಿಂದ ಮುಚ್ಚಿರುತ್ತವೆ. ಸುಮಾರು 900 ಡಿಗ್ರಿ ಬಿಸಿಯಲ್ಲಿ ಹಬೆ ಹಾಯಿಸಿದರೆ ಅವು ತೆರೆಯುತ್ತವೆ. ಆಗ ಒಂದೇ ಗ್ರಾಂ ಪುಡಿಯ ಒಳಮೈ ಹೆಚ್ಚುಕಡಿಮೆ 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ಗದ್ದೆಯಷ್ಟು! ಚಾರ್ಜ್ ಮಾಡಿದಾಗ ಉಪ್ಪುನೀರಿನ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಬಂದು ಕೂರುವುದು ಆ ಮೈಮೇಲೆಯೇ.

ಹಾಗಾಗಿ ನೀರಿನ ಫಿಲ್ಟರ್ ಅಂಗಡಿಯಲ್ಲಿ ಚಿಪ್ಪಿನಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಹೀಗೆ ರಂಧ್ರ ತೆರೆದ ಇದ್ದಿಲು, ಕೊಳ್ಳಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮನೆಯಲ್ಲೇ ಸುಡುವ ಸಾಹಸ ಖಂಡಿತ ಬೇಡ, ಕಣ್ಣು ಹೋಗುತ್ತದೆ. ಕೊಂಡದ್ದನ್ನು ತೊಳೆದು, ಒಣಗಿಸಿ, ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯಿರಿ.

ಈಗ ಹದ. ತೂಕದಲ್ಲಿ 8 ಪಾಲು ಪುಡಿ, 1 ಪಾಲು ಗ್ರಾಫೈಟ್ ಪುಡಿ, 1 ಪಾಲು ಬಿಳಿ ಗೋಂದು. ಪುಡಿ ಉದುರುತ್ತದೆ ಅಂತ ಗೋಂದು ಜಾಸ್ತಿ ಸುರಿಯುತ್ತಾರಲ್ವಾ, ಕೆಲಸ ಕೆಡುವುದೇ ಅಲ್ಲಿ. ಕಷ್ಟಪಟ್ಟು ತೆರೆದ ರಂಧ್ರಗಳನ್ನು ಗೋಂದು ಮತ್ತೆ ಮುಚ್ಚುತ್ತದೆ. ಮೊದಲು ಒಣ ಪುಡಿಗಳೆರಡನ್ನೂ ಬೆರೆಸಿ. ಗೋಂದನ್ನು ನೀರಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹತ್ತು ನಿಮಿಷ ಕಲಸಿ. ದೋಸೆ ಹಿಟ್ಟಿನ ಹದ ಬರಬೇಕು. ಗ್ರಾಫೈಟ್ ಹಾಳೆಯ ಮೇಲೆ ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಮಾತ್ರ ಮುಟ್ಟಬೇಡಿ. ಉಪ್ಪುನೀರಲ್ಲಿ ಅದು ಸವೆಯುತ್ತದೆ, ಮೀಟರ್ ಸುಳ್ಳು ವೋಲ್ಟ್ ತೋರಿಸುತ್ತದೆ.

ಒಣಗಿದ ಹಾಳೆಗಳನ್ನು ಸೋಡಿಯಂ ಸಲ್ಫೇಟ್ ಎಂಬ ಉಪ್ಪು ಕರಗಿಸಿದ ನೀರಲ್ಲಿ ಒಂದು ರಾತ್ರಿ ನೆನೆಸಿ. ಸಣ್ಣ ಗುಳ್ಳೆಗಳು ಮೇಲೇಳುವುದು ಕಾಣುತ್ತದೆ. ಅದು ರಂಧ್ರದೊಳಗಿನ ಗಾಳಿ. ಗಾಳಿ ಹೋಗದೆ ನೀರು ಒಳಗಿಳಿಯದು. ಅವಸರಕ್ಕೆ ಸುಮ್ನೆ ಒಮ್ಮೆ ಅದ್ದಿ ತೆಗೆದರೆ ಅರ್ಧ ಶಕ್ತಿಯೂ ಸಿಗುವುದಿಲ್ಲ.

ಎರಡು ಹಾಳೆಗಳ ಕಪ್ಪು ಮೈ ಎದುರುಬದುರಾಗಿ, ನಡುವೆ ಒದ್ದೆ ಫಿಲ್ಟರ್ ಪೇಪರ್ ಇಟ್ಟು ಕ್ಲಿಪ್ ಹಾಕಿ. ಇದು ಒಂದು ಸೆಲ್. 1.23 ವೋಲ್ಟ್ ದಾಟಿದರೆ ನೀರೇ ಒಡೆಯಲು ಶುರುವಾಗುತ್ತದೆ, ಹಾಗಾಗಿ ಸೆಲ್ಲಿಗೆ 1 ವೋಲ್ಟೇ ಸಾಕು. ಕೆಂಪು ಎಲ್‌ಇಡಿಗೆ 1.8 ವೋಲ್ಟಾದರೂ ಬೇಕು. ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಟಾರ್ಚಿನ 1.5 ವೋಲ್ಟಿನ ಎರಡು ಬ್ಯಾಟರಿಗಳಿಂದ ಐದು ನಿಮಿಷ ಚಾರ್ಜ್ ಮಾಡಿ. ಬ್ಯಾಟರಿ ತೆಗೆದ ಮೇಲೆ ಎಲ್‌ಇಡಿ ಹಚ್ಚಿ ನೋಡಿ. ನಿಧಾನಕ್ಕೆ ಮಂಕಾಗುತ್ತಾ ಹೋದರೆ ಸರಿಯಿದೆ. ತಕ್ಷಣ ಆರಿಹೋದರೆ, ಮೊದಲು ಹಾಳೆಗಳು ನೆನೆದಿವೆಯಾ ನೋಡಿ.