ಕಂಪ್ಯೂಟರ್ ಪರದೆಗೆ ಯಾವ ಫ್ರೇಮ್ ರೇಟ್ ಇಡಬೇಕು?

ನಾನು ಎಡಿಟ್ ಮಾಡುವ ವಿಡಿಯೋಗಳನ್ನು ಜನ ಜಾಸ್ತಿ ನೋಡುವುದು ಕಂಪ್ಯೂಟರಿನಲ್ಲೇ. ಪಾಠಗಳು, ಸಾಫ್ಟ್‌ವೇರ್ ಡೆಮೋಗಳು. ಹಾಗಾಗಿ ಶೂಟಿಂಗಿಗೆ ಮೊದಲೇ ಹೇಳಿಬಿಡುತ್ತೇನೆ: ಫ್ರೇಮ್ ರೇಟ್, ಅಂದರೆ ವಿಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ಅನ್ನುವುದು, 30 ಇಡಿ, ಇಲ್ಲವೇ 60. ಸಿನಿಮಾ ಥರ ಬರಲಿ ಅಂತ ಸುಮ್ನೆ 24 ಇಡಬೇಡಿ.

ಇದೆಲ್ಲ ಬರೀ ಭಾಗಾಕಾರ. ಸಾಮಾನ್ಯ ಮಾನಿಟರ್ 60 ಹರ್ಟ್ಜ್‌ನದು, ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. 30 ಫ್ರೇಮಿನ ವಿಡಿಯೋ ಆದರೆ ಒಂದೊಂದು ಫ್ರೇಮಿಗೆ ಎರಡೆರಡು ಸಲ, ಲೆಕ್ಕ ಚುಕ್ತಾ. 24 ಆದರೆ ಎರಡೂವರೆ. ಅರ್ಧ ಸಲ ತೋರಿಸಲು ಆಗುವುದಿಲ್ಲ ಅಲ್ವಾ? ಅದಕ್ಕೆ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. ಒಂದು 50 ಮಿಲಿಸೆಕೆಂಡ್ ನಿಂತರೆ ಇನ್ನೊಂದು 33. ಕೂತು ಮಾತಾಡುವವರ ಮುಖದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗಿದಾಗ ನೋಡಿ, ಗೋಡೆಯ ಅಂಚು, ಕಿಟಕಿಯ ಸರಳು ಎಲ್ಲ ಕುಂಟುತ್ತಾ ಹೋಗುತ್ತವೆ. 50 ಫ್ರೇಮಿನದು ಇನ್ನೊಂದು ಥರ: ಪ್ರತಿ ಐದನೇ ಫ್ರೇಮ್ ಎರಡು ಸಲ ಬರುತ್ತದೆ, ಸೆಕೆಂಡಿಗೆ ಹತ್ತು ಸಲ ತಡವರಿಕೆ.

29.97 ಅಂತ ಕಂಡರೆ ಗಾಬರಿ ಬೇಡ, 30 ಅಂದುಕೊಳ್ಳಿ.

ಆಗಲೇ 25ರಲ್ಲಿ ಶೂಟ್ ಆಗಿದ್ದರೆ? ಟೈಮ್‌ಲೈನನ್ನೂ 25ಕ್ಕೇ ಇಟ್ಟು, ಹಾಗೇ ಎಕ್ಸ್‌ಪೋರ್ಟ್ ಮಾಡಿ. 30ಕ್ಕೆ ಬದಲಿಸಿದರೆ ಸಾಮಾನ್ಯವಾಗಿ ಸೆಕೆಂಡಿಗೆ ಐದು ಫ್ರೇಮ್ ಎರಡೆರಡು ಸಲ ಫೈಲಿನೊಳಗೇ ಕೂತುಬಿಡುತ್ತವೆ. ಆಮೇಲೆ ಎಂಥ ಒಳ್ಳೆ ಮಾನಿಟರ್ ತಂದರೂ ಅದು ಹೋಗುವುದಿಲ್ಲ. ಹಾಗೇ ಬಿಟ್ಟರೆ 75 ಅಥವಾ 100 ಹರ್ಟ್ಜ್ ಪರದೆಯಲ್ಲಿ ಸಲೀಸಾಗಿ ಓಡುತ್ತದೆ.

ನೋಡುವವರಿಗೂ ಒಂದು ಮಾತು. 144 ಹರ್ಟ್ಜ್ ಮಾನಿಟರ್ ಇದೆ ಅಂತ ಬೀಗಬೇಡಿ. 24 ಅದರಲ್ಲಿ ಸರಿಯಾಗಿ ಕೂರುತ್ತದೆ, 30 ಮತ್ತು 60 ಕೂರುವುದಿಲ್ಲ. ವಿಡಿಯೋ ನೋಡುವಾಗ 120ಕ್ಕೆ ಇಳಿಸಿ, ಮೂರೂ ಸರಿಹೋಗುತ್ತವೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋದರೆ ರಿಫ್ರೆಶ್ ರೇಟ್, ಅಂದರೆ ಈ ಹರ್ಟ್ಜ್ ಲೆಕ್ಕ, ಸಿಗುತ್ತದೆ.

ಇನ್ನು 30 ಮತ್ತು 60ರಲ್ಲಿ ಯಾವುದು? ಸ್ಲೈಡ್ ತೋರಿಸಿ ಪಾಠ ಹೇಳುವುದಕ್ಕೆ 30 ಧಾರಾಳ ಸಾಕು. ಪುಟ ಸ್ಕ್ರಾಲ್ ಮಾಡುವುದು, ಮೌಸ್ ಓಡಾಡುವುದು ಜಾಸ್ತಿ ಇದ್ದರೆ 60.

ಮೊಬೈಲ್ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ. ಕೆಲವು ಎಡಿಟರ್‌ಗಳಲ್ಲಿ ಹಾಗೇ ಹಾಕಿದರೆ ಹೋಗ್ತಾ ಹೋಗ್ತಾ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಪರಿವರ್ತಿಸಿಕೊಳ್ಳಿ.

ಶೂಟ್ ಮಾಡುವಾಗ ಶಟರ್ ಕಡೆಗೂ, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಹಿಡಿಯುತ್ತದೆ ಅನ್ನುವ ಕಡೆಗೂ ಕಣ್ಣಿಡಿ. 50 ಹರ್ಟ್ಜ್ ಕರೆಂಟ್ ಇರುವ ಕಡೆ ಟ್ಯೂಬ್‌ಲೈಟ್ ಕೆಳಗೆ 1/60 ಸೆಕೆಂಡ್ ಇಟ್ಟರೆ ಚಿತ್ರದಲ್ಲಿ ಪಟ್ಟಿಗಳು ಹರಿದಾಡಬಹುದು. 30 ಫ್ರೇಮಿಗೆ 1/50, 60 ಫ್ರೇಮಿಗೆ 1/100 ಇಡಿ.